ಓದದೆ ಬಿಟ್ಟ ಏಳನೇ ಕಲಮು

ನಮ್ಮ ನಾಯಕರಿಗೆ ವೇಗವಾಗಿ ಓದುವವರ ಮೇಲೆ ನಂಬಿಕೆ ಇರಲಿಲ್ಲ. ಅವರ ಯೂನಿಯನ್ ಕಚೇರಿಯಲ್ಲಿ ನನಗೆ ಕೆಲಸ ಸಿಕ್ಕಿದ್ದು ಆ ಒಂದೇ ಕಾರಣಕ್ಕೆ.

ಆಗಷ್ಟೇ ನಾನು ಕೊಚ್ಚಿಯ ಹತ್ತಿರದ ಕಳಮಶ್ಶೇರಿಯಲ್ಲಿ ಓದು ಮುಗಿಸಿದ್ದೆ. ಊರು ಕಾಸರಗೋಡಿನ ಕಡೆ, ಕಲಿತದ್ದು ಕನ್ನಡ ಶಾಲೆಯಲ್ಲಿ. ಮಲಯಾಳ ಮಾತಾಡಲು ಬರುತ್ತಿತ್ತು, ಜಗಳವಾಡುವಷ್ಟೂ ಬರುತ್ತಿತ್ತು. ಆದರೆ ಓದುವುದೆಂದರೆ ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟು ತೋಡು ದಾಟಿದ ಹಾಗೆ, ಒಂದೊಂದೇ ಅಕ್ಷರ. ಊರಿಗೆ ಮರಳಿದರೆ ಮದುವೆಯ ಮಾತು ಶುರುವಾಗುತ್ತದೆಂಬ ಭಯಕ್ಕೆ ಕಂಡ ಕಂಡ ಕೆಲಸಕ್ಕೆ ಅರ್ಜಿ ಹಾಕುತ್ತಿದ್ದೆ. ಒಂದು ದೊಡ್ಡ ಕಾರ್ಖಾನೆಯ ಯೂನಿಯನ್ ಕಚೇರಿಗೆ ಬರೆಯಲು, ಟೈಪ್ ಮಾಡಲು ಜನ ಬೇಕೆಂದು ತಿಳಿದು ಅಲ್ಲಿಗೂ ಹೋದೆ. ಐದು ಜನ ಬಂದಿದ್ದೆವು. ಯೂನಿಯನ್ನಿನ ಕಾರ್ಯದರ್ಶಿಯಾಗಿದ್ದ ನಾಯಕರು ಎಲ್ಲರ ಕೈಗೂ ಹಳೆಯ ಕರಾರೊಂದರ ಹಾಳೆ ಕೊಟ್ಟು ಗಟ್ಟಿಯಾಗಿ ಓದಲು ಹೇಳಿದರು. ಉಳಿದ ನಾಲ್ವರು ರೇಡಿಯೋ ವಾರ್ತೆಯವರ ಹಾಗೆ ಓದಿ ಮುಗಿಸಿದರು. ನಾನು ಮುಗಿಸುವಷ್ಟರಲ್ಲಿ ನಾಯಕರ ಮುಂದಿದ್ದ ಚಹಾ ತಣ್ಣಗಾಗಿ ಕೆನೆ ಕಟ್ಟಿತ್ತು.

"ಈ ಹಾಳೆ ಬರೆದದ್ದು ನಾನೇ," ಎಂದರು ಅವರು. "ಇದರಲ್ಲಿ ಎಂತ ಉಂಟು ಅಂತ ನನಗೆ ಇವತ್ತು ಗೊತ್ತಾಯ್ತು. ನಾಳೆಯಿಂದ ಬಾ ಮೋಳೆ."

ಮೋಳೆ ಎಂದರೆ ಮಗಳೇ. ಅವರ ಮಲಯಾಳವನ್ನೆಲ್ಲ ನಾನು ನನ್ನ ಊರಿನ ಕನ್ನಡಕ್ಕೆ ತಿರುಗಿಸಿಕೊಂಡೇ ನೆನಪಿಟ್ಟುಕೊಂಡಿದ್ದೇನೆ. ಇಲ್ಲಿಯೂ ಹಾಗೆಯೇ ಬರೆಯುತ್ತೇನೆ.

ಅವರಿಗೆ ಆಗ ಐವತ್ತರ ಆಸುಪಾಸು. ಅದೇ ಕಾರ್ಖಾನೆಯ ಬಾಯ್ಲರ್ ವಿಭಾಗದಲ್ಲಿ ದುಡಿದು ಬಂದವರು. ಬಲಗೈಯ ಮೇಲೆ ಬೆಂದ ಗುರುತು ಇತ್ತು. ಮಾತಿನ ಮಲ್ಲರೇ ತುಂಬಿರುವ ಈ ರಾಜ್ಯದಲ್ಲಿ ಇಂಥ ಕೀಚು ದನಿಯವರು ನಾಯಕರಾದದ್ದು ಹೇಗೆಂದು ನಾನು ಮೊದಲ ವಾರವಿಡೀ ಯೋಚಿಸಿದೆ. ಅವರ ಭಾಷಣ ಎಂಟು ನಿಮಿಷ ದಾಟುತ್ತಿರಲಿಲ್ಲ. ಮಾತಾಡಿದರೋ ಗಂಟಲು ಸರಿಮಾಡಿಕೊಂಡರೋ ಎಂದು ಎದುರು ಪಕ್ಷದವರು ತಮಾಷೆ ಮಾಡುತ್ತಿದ್ದರು. ಜನ ಅವರನ್ನು ನಂಬಿದ್ದು ಭಾಷಣಕ್ಕಲ್ಲ, ಗೇಟಿನ ಓದಿಗೆ.

ಗೇಟಿನ ಓದು ಅವರೇ ತಂದ ಕಟ್ಟಳೆ. ಆಡಳಿತದವರ ಜೊತೆ ಯಾವುದೇ ಕರಾರಾಗಲಿ, ಸಹಿ ಹಾಕುವ ಮೊದಲು ಅದನ್ನು ಕಾರ್ಖಾನೆಯ ಗೇಟಿನ ಮುಂದೆ ಮೂರು ಪಾಳಿಯವರಿಗೂ ಓದಿ ಹೇಳಬೇಕು. ಸಾರಾಂಶವಲ್ಲ, ಅಕ್ಷರ ಅಕ್ಷರ. ಧ್ವಜಕಂಬದ ಕೆಳಗಿನ ಸಿಮೆಂಟ್ ಕಟ್ಟೆಯ ಮೇಲೆ ನಿಂತು ಓದುವುದು. ಕೇಳುವವರಲ್ಲಿ ಯಾರಾದರೂ ಕೈ ಎತ್ತಿದರೆ ಓದು ನಿಲ್ಲಬೇಕು. ಕೈ ಎತ್ತಿದವನಿಗೆ ತಿಳಿಯುವವರೆಗೆ ಮುಂದಿನ ಸಾಲಿಗೆ ಹೋಗುವಂತಿಲ್ಲ. ನಾನು ಸೇರಿದ ಮೇಲೆ ಆ ಕಟ್ಟೆ ಹತ್ತುವ ಕೆಲಸ ನನ್ನದಾಯಿತು. ನನ್ನ ಓದು ನಿಧಾನ, ಆದ್ದರಿಂದ ಕೈ ಎತ್ತಲು ಜನರಿಗೆ ಸಮಯ ಸಿಗುತ್ತಿತ್ತು.

ಒಮ್ಮೆ ರಾತ್ರಿಪಾಳಿಯವರಿಗೆ ಬೂಟು ಕೊಡುವ ಕರಾರಿನಲ್ಲಿ 'ಸಾಧ್ಯವಾದ ಮಟ್ಟಿಗೆ' ಎಂಬ ಮಾತಿತ್ತು. ನಾನು ಅದನ್ನು ದಾಟಿ ಎರಡು ಹೆಜ್ಜೆ ಹೋಗಿದ್ದೆ. ಹಿಂದಿನ ಸಾಲಿನ ಫಿಟ್ಟರ್ ಒಬ್ಬ ಕೈ ಎತ್ತಿ, "ಯಾರಿಗೆ ಸಾಧ್ಯವಾದ ಮಟ್ಟಿಗೆ? ಅವರಿಗಾ, ನಮ್ಮ ಕಾಲಿಗಾ?" ಎಂದ. ಜನ ನಕ್ಕರು. ನಾಯಕರು ನಗಲಿಲ್ಲ, ಕರಾರನ್ನು ಮಡಚಿ ಜೇಬಿಗಿಟ್ಟು ಆಡಳಿತ ಕಚೇರಿಯ ಮೆಟ್ಟಿಲು ಹತ್ತಿದರು. ಆ ಎರಡು ಪದ ಹೋದ ಮೇಲೆಯೇ ಸಹಿಯಾದದ್ದು.

ಕ್ಯಾಂಟೀನಿನ ಅಕ್ಕ ನನಗೆ ಸಿಕ್ಕಿದ್ದು ಅದೇ ಕಾಲದಲ್ಲಿ. ಮೊದಲ ದಿನ ಊಟಕ್ಕೆ ಕುಳಿತು, ಸಾಂಬಾರಿಗೆ ಉಪ್ಪು ಸಾಲದೆಂದು ಕನ್ನಡದಲ್ಲಿ ನನ್ನಷ್ಟಕ್ಕೆ ಗೊಣಗಿದೆ. ಇಲ್ಲಿ ಯಾರಿಗೆ ತಿಳಿಯುತ್ತದೆ ಎಂಬ ಧೈರ್ಯ.

"ಸಾಲದಿದ್ರೆ ಕೇಳ್ಬೇಕು, ಗೊಣಗುವುದಲ್ಲ ಮಾರಾಯ್ತಿ," ಎಂದಿತು ಬೆನ್ನ ಹಿಂದಿನಿಂದ ಒಂದು ದನಿ.

ತಿರುಗಿ ನೋಡಿದರೆ ಕೈಯಲ್ಲಿ ಸೌಟು ಹಿಡಿದ ದಪ್ಪ ಹೆಂಗಸು. ಮಂಜೇಶ್ವರದ ಕಡೆಯವರು. ಇದೇ ಕಾರ್ಖಾನೆಯ ಮಲಯಾಳಿ ಕೆಲಸಗಾರನನ್ನು ಮೆಚ್ಚಿ ಮದುವೆಯಾಗಿ ಬಂದು, ಮೂರೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು, ಕ್ಯಾಂಟೀನಿನಲ್ಲಿ ಗುತ್ತಿಗೆಯ ಮೇಲೆ ಅಡುಗೆಗೆ ನಿಂತವರು. ಮಕ್ಕಳಿಲ್ಲ. ಎಲ್ಲರಿಗೂ ಅವರು ಚೇಚಿ, ನನಗೊಬ್ಬಳಿಗೆ ಅಕ್ಕ. ವರ್ಷಗಟ್ಟಲೆ ಕನ್ನಡ ಮಾತಾಡಲು ಜನ ಸಿಗದೆ ಅದು ಅವರ ಗಂಟಲಲ್ಲಿ ತುಂಬಿಕೊಂಡಿತ್ತೇನೋ, ಅಂದು ಸಂಜೆಯವರೆಗೂ ನನ್ನನ್ನು ಬಿಡಲಿಲ್ಲ. ಮುಂದಿನ ತಿಂಗಳು ನಾನು ಹಾಸ್ಟೆಲ್ ಬಿಟ್ಟು ಅವರ ಮನೆಯ ಮುಂದಿನ ಕೋಣೆಗೆ ಬಂದೆ. ಮದುವೆಯಾಗುವವರೆಗೆ ಆರು ವರ್ಷ ಅಲ್ಲೇ ಇದ್ದೆ. ಬಸಳೆ, ಪತ್ರೊಡೆ, ಕಾಯಿಲೆ ಬಿದ್ದಾಗ ಗಂಜಿ, ಎಲ್ಲವೂ ಅವರ ಕೈಯದೇ. ಹೆತ್ತಮ್ಮನಿಗೆ ಹೇಳದ ಎಷ್ಟೋ ಮಾತುಗಳನ್ನು ನಾನು ಅವರಿಗೆ ಹೇಳಿದ್ದೇನೆ.

ಕ್ಯಾಂಟೀನಿನ ಹೆಂಗಸರು ಕಾರ್ಖಾನೆಯ ದೊಡ್ಡ ಗೇಟಿನಿಂದ ಬರುವಂತಿರಲಿಲ್ಲ. ತರಕಾರಿಯ ಗಾಡಿ ಬರುವ ಪಕ್ಕದ ಗೇಟು ಅವರದು. ಫೋಟೋ ಇರುವ ಗುರುತು ಚೀಟಿ ಇಲ್ಲ, ಪಿಂಚಣಿ ಇಲ್ಲ. ವರ್ಷಕ್ಕೊಮ್ಮೆ ಗುತ್ತಿಗೆದಾರ ಬದಲಾಗುತ್ತಿದ್ದ. ಹಳಬ ಹೋಗಿ ಹೊಸಬ ಬರುವ ನಡುವೆ ಎರಡು ದಿನ ಅಡುಗೆಮನೆ ಮುಚ್ಚಿ ಸುಣ್ಣ ಬಳಿಯುತ್ತಿದ್ದರು. ಆ ಎರಡು ದಿನ ಅಕ್ಕನಿಗೆ ರಜೆ. ನಾವಿಬ್ಬರೂ ಬೋಟಿನಲ್ಲಿ ಕೊಚ್ಚಿ ಕೋಟೆಗೆ ಹೋಗಿ ಕಡಲೆ ತಿಂದು ಬರುತ್ತಿದ್ದೆವು. ಆ ರಜೆಯ ಅರ್ಥ ಆಗ ನಮಗಿಬ್ಬರಿಗೂ ತಿಳಿದಿರಲಿಲ್ಲ.

ನಾಯಕರು ಚುನಾವಣೆಗೆ ನಿಂತರು. ಎಂಟು ನಿಮಿಷದ ಭಾಷಣಗಳಲ್ಲೇ ಗೆದ್ದರು. ಎರಡನೆಯ ಸಲ ಗೆದ್ದಾಗ ಮಂತ್ರಿಯಾದರು, ಕಾರ್ಮಿಕ ಖಾತೆಯೇ ಸಿಕ್ಕಿತು. ತಿರುವನಂತಪುರಕ್ಕೆ ಹೊರಡುವಾಗ, "ಓದಲು ನೀನೇ ಬೇಕು," ಎಂದು ನನ್ನನ್ನು ಅವರ ಸಿಬ್ಬಂದಿಗೆ ಸೇರಿಸಿಕೊಂಡರು. ಅಷ್ಟರಲ್ಲಿ ನನಗೆ ಮದುವೆಯಾಗಿತ್ತು; ಗಂಡ ಅದೇ ಊರಿನ ಶ್ರೀಕಾರ್ಯಂನಲ್ಲಿ ಎಂಜಿನಿಯರಿಂಗ್ ಪಾಠ ಹೇಳುವವರು. ಮನೆ ಅಲ್ಲೇ ಮಾಡಿದೆವು. ಮಗಳು ಹುಟ್ಟಿದಳು. ಕನ್ನಡದಲ್ಲಿ ಕೇಳಿದರೆ ಮಲಯಾಳದಲ್ಲಿ ಉತ್ತರ ಕೊಡುತ್ತಾಳೆ, ಬೈದರೆ ಮಾತ್ರ ಇಂಗ್ಲಿಷಿನಲ್ಲಿ.

ಮೊದಲ ವರ್ಷ ಹಳೆಯ ಕಟ್ಟಳೆಯೇ ನಡೆಯಿತು. ಬೆಳಿಗ್ಗೆ ಏಳಕ್ಕೆ ಮಂತ್ರಿಗಳ ಬಂಗಲೆಯಲ್ಲಿ ಅವರು ಪುಟ್ಟು ಕಡಲೆ ತಿನ್ನುತ್ತ ಕೂರುವುದು, ನಾನು ಕಡತ ಓದುವುದು, ಅವರು ನಡುನಡುವೆ ಕೈ ಎತ್ತುವುದು. ತಮ್ಮ ಮನೆಯಲ್ಲಿ ತಾವೇ ಕೈ ಎತ್ತುವ ಮಂತ್ರಿಯನ್ನು ನೋಡಿ ಅಡುಗೆಯವನು ಬಾಗಿಲ ಹಿಂದೆ ನಗುತ್ತಿದ್ದ. ಎರಡನೆಯ ವರ್ಷ ಓದು ಕಾರಿಗೆ ಬಂತು. ಪಟ್ಟಂ ದಾಟಿ ಸೆಕ್ರೆಟರಿಯೇಟ್ ಮುಟ್ಟುವಷ್ಟರಲ್ಲಿ ಎರಡು ಕಡತ. ಆಮೇಲೆ ಫೋನುಗಳು ಹೆಚ್ಚಾದವು, ಉದ್ಘಾಟನೆಗಳು ಹೆಚ್ಚಾದವು, ಓದು ಕಡಿಮೆಯಾಯಿತು. ಮೂರನೆಯ ವರ್ಷ ಒಂದು ದಿನ ಅವರು ಕಣ್ಣು ಮುಚ್ಚಿಕೊಂಡೇ, "ಎಂತ ಉಂಟು ಅದರಲ್ಲಿ, ಚುಟುಕಾಗಿ ಹೇಳು," ಎಂದರು. ನಾನು ಐದು ವಾಕ್ಯದಲ್ಲಿ ಹೇಳಿದೆ. ಅವರಿಗೆ ಹಿಡಿಸಿತು.

ನನಗೂ ಹಿಡಿಸಿತು. ಅದನ್ನು ಮುಚ್ಚಿಡುವುದಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಆ ಪೂಜಾರಿ ಈಗ ನಾನಾಗಿದ್ದೆ. ಯಾವುದು ಆ ಐದು ವಾಕ್ಯದೊಳಗೆ ಬರಬೇಕು, ಯಾವುದು ಬೇಡ ಎಂದು ನಿರ್ಧರಿಸುವುದು ನಾನು. ದೊಡ್ಡ ದೊಡ್ಡ ಅಧಿಕಾರಿಗಳು ನನ್ನ ಮೇಜಿನ ಮುಂದೆ ನಿಂತು ನನ್ನ ಮಗಳ ಆರೋಗ್ಯ ವಿಚಾರಿಸುತ್ತಿದ್ದರು. ಒಂದೊಂದೇ ಅಕ್ಷರ ಕೂಡಿಸಿ ಓದುತ್ತಿದ್ದ ಹುಡುಗಿ ನಾನೇ ಎಂಬುದು ಮರೆತೇ ಹೋಗಿತ್ತು.

ಹೀಗಿರುವಾಗ ನಮ್ಮ ಹಳೆಯ ಕಾರ್ಖಾನೆಯ ಮಾತು ಎದ್ದಿತು. ಅಲ್ಲಿನ ಗುತ್ತಿಗೆಯವರನ್ನೆಲ್ಲ ಕಾಯಂ ಮಾಡುವ ಕರಾರು. ಬಾಯ್ಲರ್ ವಿಭಾಗದಲ್ಲಿದ್ದಾಗಿನಿಂದ ನಾಯಕರು ಕಂಡ ಕನಸು ಅದು. ಒಂದು ವರ್ಷ ಮಾತುಕತೆ ನಡೆಯಿತು. ಅಕ್ಕ ಪ್ರತಿ ಭಾನುವಾರ ಫೋನ್ ಮಾಡುತ್ತಿದ್ದರು.

"ಅದರಲ್ಲಿ ನಮ್ಮದು ಉಂಟಲ್ಲ?"

"ಉಂಟಕ್ಕಾ."

"ಅಡುಗೆಯವರದ್ದೂ?"

"ಎಲ್ಲರದ್ದೂ ಉಂಟು. ಎಷ್ಟು ಸಲ ಕೇಳುದು ನೀವು?"

"ನನಗೆ ವಯಸ್ಸಾಯ್ತು ಮಾರಾಯ್ತಿ, ಅದಕ್ಕೆ ಕೇಳುದು. ಐವತ್ತೆಂಟಕ್ಕೆ ಮನೆಗೆ ಕಳಿಸ್ತಾರೆ. ಅಷ್ಟರೊಳಗೆ ಕಾಯಂ ಆದ್ರೆ ಮುದಿಕಾಲಕ್ಕೆ ಪಿಂಚಣಿ ಅಂತ ಒಂದು ಬರ್ತದೆ. ಇಲ್ಲದಿದ್ರೆ ನನಗೆ ಯಾರುಂಟು?"

ಅವರಿಗೆ ಆಗ ಐವತ್ತೇಳು. ಗುರುತು ಚೀಟಿಯ ಫೋಟೋಕ್ಕೆಂದು ನೀಲಿ ಸೀರೆಯೊಂದನ್ನು ತೆಗೆದಿಟ್ಟಿದ್ದರು.

ಸಹಿಯ ದಿನ ಕರಾರಿನ ಕೊನೆಯ ಪ್ರತಿ ನನ್ನ ಕೈಗೆ ಬಂದದ್ದು ಮಧ್ಯಾಹ್ನ ಮೂರಕ್ಕೆ. ನಾಲ್ಕಕ್ಕೆ ಮಂತ್ರಿಗಳ ಕೋಣೆಯಲ್ಲಿ ಸಹಿ. ಪತ್ರಿಕೆಯವರು ಬಂದು ಕುಳಿತಿದ್ದರು, ಆಡಳಿತದವರು ಹೂಗುಚ್ಛ ತಂದಿದ್ದರು. ನನಗೆ ಅಂದು ಸಂಜೆಯ ರೈಲಿಗೆ ಕಾಸರಗೋಡಿನ ಟಿಕೆಟ್ ಆಗಿತ್ತು. ಮರುದಿನ ಅಮ್ಮನಿಗೆ ಕಣ್ಣಿನ ಆಪರೇಶನ್. ಹೊರಕೋಣೆಯಲ್ಲಿ ಕುಳಿತು ಕರಾರನ್ನು ಮನಸ್ಸಿನಲ್ಲೇ ಓದಿದೆ. ಏಳನೇ ಕಲಮಿಗೆ ಬಂದು ನಿಂತೆ. ಮತ್ತೆ ಓದಿದೆ. 'ಒಂದು ದಿನವೂ ಕಡಿಯದಂತೆ ಸತತ ಮೂರು ವರ್ಷ ದುಡಿದ ಗುತ್ತಿಗೆ ಕೆಲಸಗಾರರಿಗೆ ಮಾತ್ರ ಈ ಕರಾರು ಅನ್ವಯಿಸುತ್ತದೆ.'

ಕಡಿಯದಂತೆ. ಸುಣ್ಣ ಬಳಿಯುವ ಆ ಎರಡು ದಿನಗಳು ನೆನಪಾದವು. ಕ್ಯಾಂಟೀನಿನ ಒಬ್ಬ ಹೆಂಗಸೂ ಈ ಕರಾರಿನೊಳಗೆ ಬರುವಂತಿರಲಿಲ್ಲ. ಇಪ್ಪತ್ತೆರಡು ವರ್ಷ ಒಲೆಯ ಮುಂದೆ ನಿಂತ ಅಕ್ಕನೂ.

ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಇದನ್ನು ಎತ್ತಿದರೆ ಅವರು ಸಹಿ ಹಾಕುವುದಿಲ್ಲ ಎಂದು ಗೊತ್ತಿತ್ತು. ಎಲ್ಲರನ್ನೂ ವಾಪಸು ಕಳಿಸುತ್ತಾರೆ, ಮತ್ತೆ ಮಾತುಕತೆ, ಆಡಳಿತದವರು ಮನಸ್ಸು ಬದಲಿಸಿದರೆ ಉಳಿದವರ ಕೈಗೆ ಬಂದದ್ದೂ ಹೋಗುತ್ತದೆ. ಇದು ಬರೆದವರ ಕಣ್ತಪ್ಪು, ಆಮೇಲೆ ಒಂದು ಪತ್ರದಲ್ಲಿ ಸರಿಪಡಿಸಬಹುದು. ಹೀಗೆಲ್ಲ ಯೋಚಿಸಿ ಬಿಟ್ಟೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ಸುಳ್ಳು. ಈ ಕಾರಣಗಳನ್ನೆಲ್ಲ ಜೋಡಿಸಿದ್ದು ಆಮೇಲೆ. ಆ ಹೊತ್ತಿಗೆ ನನ್ನ ತಲೆಯಲ್ಲಿದ್ದದ್ದು ರೈಲು ಒಂದೇ.

ಒಳಗೆ ಹೋದೆ. ಅವರು ಜುಬ್ಬದ ಗುಂಡಿ ಹಾಕಿಕೊಳ್ಳುತ್ತಿದ್ದರು. ಐದು ವಾಕ್ಯ ಹೇಳಿದೆ.

"ಎಲ್ಲ ಸರಿ ಉಂಟಾ ಮೋಳೆ?"

"ಸರಿ ಉಂಟು ಸಾರ್."

"ಗೇಟಿನಲ್ಲಿ ಓದಬೇಕಿತ್ತು," ಎಂದರು ಅವರು, ಯಾರಿಗೂ ಅಲ್ಲದ ಹಾಗೆ. ಆಪ್ತ ಕಾರ್ಯದರ್ಶಿ ಗಡಿಯಾರ ನೋಡಿಕೊಂಡು, "ನಾಳೆ ಓದಿಸುವ ಸಾರ್, ಪತ್ರಿಕೆಯವರು ಕಾಯ್ತಾ ಇದ್ದಾರೆ," ಎಂದರು. ಇಷ್ಟು ವರ್ಷಗಳಲ್ಲಿ ಮೊದಲ ಸಲ ಅವರು ಗೇಟಿನ ಓದಿಗೆ ಮೊದಲೇ ಕರಾರಿಗೆ ಸಹಿ ಹಾಕಿದರು. ಕ್ಯಾಮೆರಾಗಳು ಮಿನುಗಿದವು. ನನಗೆ ರೈಲು ಸಿಕ್ಕಿತು. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಅಮ್ಮ ನನಗೆ ಹೇಳದ ದಿನವಿಲ್ಲ. ಆ ಆತುರದಲ್ಲಿ ನಾನು ಓಡಿದ್ದು ಅವಳ ಬಳಿಗೇ.

ನಾಳೆಯ ಓದು ನಾಳೆಯೇ ಉಳಿಯಿತು. ಮೂರನೆಯ ದಿನ ಅಮ್ಮನ ಕಣ್ಣಿಗೆ ಮದ್ದು ಹಾಕುತ್ತಿದ್ದಾಗ ಅಕ್ಕನ ಫೋನ್ ಬಂತು. ಕಾರ್ಖಾನೆಯಲ್ಲಿ ಹೆಸರಿನ ಪಟ್ಟಿ ಅಂಟಿಸಿದ್ದರು.

"ನಾವು ಇಲ್ಲ ಅದರಲ್ಲಿ. ಅಡುಗೆಮನೆಯವರು ಒಬ್ರೂ ಇಲ್ಲ."

"ಅಕ್ಕಾ, ನನಗೆ ಗೊತ್ತಿರ್ಲಿಲ್ಲ," ಎಂದೆ.

ಅವರು ನನ್ನನ್ನು ಏನೂ ಕೇಳಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತಾಯಿತು ನನ್ನ ಗತಿ. ಅಕ್ಕ, "ಅಮ್ಮನ ಕಣ್ಣು ಹೇಗುಂಟು?" ಎಂದು ಕೇಳಿ ಫೋನ್ ಇಟ್ಟರು.

ತಿರುವನಂತಪುರಕ್ಕೆ ಮರಳಿದಾಗ ನಾಯಕರು ಕರಾರನ್ನು ಮೇಜಿನ ಮೇಲೆ ಹರಡಿಕೊಂಡು, ಸಾಲಿನ ಕೆಳಗೆ ಬೆರಳಿಟ್ಟು ತಾವೇ ಓದುತ್ತಿದ್ದರು. ಕೊಚ್ಚಿಗೆ ಕಾರು ತರಲು ಹೇಳಿದರು. ನನ್ನನ್ನೂ ಕರೆದರು. ಆಲಪ್ಪುಳ ದಾಟಿದ ಮೇಲೆ ತಡೆಯಲಾಗದೆ ಹೇಳಿಬಿಟ್ಟೆ: ಆ ಕಲಮನ್ನು ನಾನು ಮೊದಲೇ ಓದಿದ್ದೆ, ಅರ್ಥವೂ ಆಗಿತ್ತು, ರೈಲಿಗೆ ಹೊತ್ತಾಗುತ್ತದೆಂದು ಬಿಟ್ಟೆ.

ಅವರು ಕರಾರನ್ನು ಮಡಚಿ ಜೇಬಿಗಿಟ್ಟರು. ಕೂಗಾಡಿದ್ದರೆ ನನಗೆ ಹಗುರವಾಗುತ್ತಿತ್ತು.

"ಗೇಟಿನಲ್ಲಿ ನಾನೇ ಹೇಳ್ತೇನೆ ಸಾರ್," ಎಂದೆ.

"ಬೇಡ. ನೀನು ಬಿಟ್ಟದ್ದು ಸಣ್ಣ ತಪ್ಪಲ್ಲ. ಆದರೆ ನಾನು ಓದಿಸಿಕೊಳ್ಳದೆ ಸಹಿ ಹಾಕಿದ್ದು ಅದಕ್ಕಿಂತ ದೊಡ್ಡದು. ಎರಡನ್ನೂ ಹೇಳಿದರೆ ಜನ ಸಣ್ಣದನ್ನು ಹಿಡಿದುಕೊಳ್ತಾರೆ, ದೊಡ್ಡದನ್ನು ಬಿಡ್ತಾರೆ. ನನ್ನ ಪಕ್ಷದವರಿಗೂ ಅದೇ ಬೇಕು. ಮಂತ್ರಿ ಪಾಪ, ಆ ಹೆಂಗಸು ಮೋಸ ಮಾಡಿದಳು ಅಂತ ಆಗ್ತದೆ. ಅದು ಆಗಬಾರದು. ನೀನು ಯಾರಿಗೂ ಹೇಳಬೇಡ."

ಮಧ್ಯಾಹ್ನದ ಪಾಳಿ ಬಿಡುವ ಹೊತ್ತಿಗೆ ಗೇಟಿನ ಮುಂದೆ ನಿಂತೆವು. ಮೈಕು ಇರಲಿಲ್ಲ. ಅವರು ಕಟ್ಟೆ ಹತ್ತಿ ತಮ್ಮ ಕೀಚು ದನಿಯಲ್ಲಿ, "ನಾನು ಓದದೆ ಸಹಿ ಹಾಕಿದೆ," ಎಂದರು. ಹಿಂದಿನವರಿಗೆ ಕೇಳಿಸಲಿಲ್ಲವೆಂದು ಇನ್ನೊಮ್ಮೆ ಹೇಳಿದರು. ಶುರುವಾಯಿತು ಬೈಗುಳದ ಮಳೆ. ಅದು ನಿಂತ ಮೇಲೆ, "ಏಳನೇ ಕಲಮು ಓದು ಮೋಳೆ. ಅವರಿಗೆ ಎಂತ ಅನ್ಯಾಯ ಆಗಿದೆ ಅಂತ ಅವರಿಗೆ ಗೊತ್ತಾಗಲಿ," ಎಂದು ಕಾಗದವನ್ನು ನನ್ನ ಕೈಗೆ ಕೊಟ್ಟರು.

ಕ್ಯಾಂಟೀನಿನ ಹೆಂಗಸರು ಎದುರಿಗೇ ನಿಂತಿದ್ದರು. ಅಕ್ಕ ಮೊದಲ ಸಾಲಿನಲ್ಲಿ, ಅಡುಗೆಯ ಬಟ್ಟೆಯಲ್ಲೇ. ನಾನು ಅವರ ಮುಖವನ್ನೇ ನೋಡುತ್ತ ಕಲಮನ್ನು ಮೊದಲಿನಿಂದ ಕೊನೆಯವರೆಗೆ ನಿಧಾನವಾಗಿ ಹೇಳಿದೆ. ಯಾರೂ ಕೈ ಎತ್ತಲಿಲ್ಲ. ಈಗ ಎತ್ತಿ ಆಗಬೇಕಾದದ್ದೇನೂ ಇರಲಿಲ್ಲ.

ಮರುದಿನದಿಂದ ಗೋಡೆ ಗೋಡೆಯ ಮೇಲೆ ಅವರ ಆ ಒಂದು ಮಾತೇ. ಓದದೆ ಸಹಿ ಹಾಕುವ ಮಂತ್ರಿ ನಮಗೆ ಬೇಕೇ ಎಂದು ಎದುರು ಪಕ್ಷದವರು ಕೇಳಿದರು. ಹೀಗೆ ಬಾಯಿಬಿಡುವ ಮಂತ್ರಿ ನಮಗೆ ಬೇಕೇ ಎಂದು ಅವರ ಪಕ್ಷದವರು ಒಳಗೊಳಗೇ ಕೇಳಿದರು. ಕೆಲವೇ ತಿಂಗಳಲ್ಲಿ ಮಂತ್ರಿಮಂಡಲ ಬದಲಾದಾಗ ಅವರನ್ನು ಬಿಟ್ಟರು. ಮುಂದಿನ ಚುನಾವಣೆಗೆ ಟಿಕೆಟ್ಟೂ ಸಿಗಲಿಲ್ಲ. ಯಾರಾದರೂ ಕಾರಣ ಕೇಳಿದರೆ, "ಸಹಿ ನನ್ನದೇ," ಎನ್ನುತ್ತಿದ್ದರು, ಅದಕ್ಕಿಂತ ಒಂದು ಪದ ಹೆಚ್ಚಿಗೆ ಆಡಲಿಲ್ಲ. ಹುದ್ದೆ ಹೋಗುವ ಮೊದಲು ಓಡಾಡಿ ಏಳನೇ ಕಲಮನ್ನು ತಿದ್ದಿಸುವ ಕೆಲಸ ಶುರುಮಾಡಿದ್ದರು. ಅದು ಮುಗಿಯಲು ಹನ್ನೊಂದು ತಿಂಗಳು ಹಿಡಿಯಿತು. ಕ್ಯಾಂಟೀನಿನ ಉಳಿದ ಹೆಂಗಸರೆಲ್ಲ ಕಾಯಂ ಆದರು. ಈಗ ಅವರು ದೊಡ್ಡ ಗೇಟಿನಿಂದ ಹೋಗಿ ಬರುತ್ತಾರೆ. ಅಕ್ಕನಿಗೆ ಒಂಬತ್ತನೆಯ ತಿಂಗಳಿಗೇ ಐವತ್ತೆಂಟು ತುಂಬಿತ್ತು.

ಅಕ್ಕ ಈಗ ಮನೆಯಲ್ಲೇ ಉಣ್ಣಿಯಪ್ಪ, ಬಾಳೆಹಣ್ಣು ಕರಿದ ಪಳಂಪೊರಿ ಮಾಡಿ ಮೆಟ್ರೋ ನಿಲ್ದಾಣದ ಹತ್ತಿರದ ಚಹಾದಂಗಡಿಗಳಿಗೆ ಕೊಡುತ್ತಾರೆ. ಎಣ್ಣೆಯ ಮುಂದೆ ನಿಂತು ನಿಂತು ಕಾಲು ಬಾತುಕೊಂಡಿದೆ. ನಾನು ಮಂತ್ರಿಗಳ ಜೊತೆಯೇ ಆ ಕೆಲಸ ಬಿಟ್ಟು, ಪಟ್ಟಂನ ಒಂದು ಕಚೇರಿಯಲ್ಲಿ ಅನುವಾದಕ್ಕೆ ಸೇರಿದೆ. ತಿಂಗಳಿಗೊಮ್ಮೆ ಕಳಮಶ್ಶೇರಿಗೆ ಹೋಗಿ ಅಕ್ಕನ ಮನೆಯಲ್ಲಿ ಒಂದು ದಿನ ಇದ್ದು ಬರುತ್ತೇನೆ. ಹೋದಾಗಲೆಲ್ಲ ಅವರು ನಾಯಕರನ್ನು ಬೈಯದೆ ಬಿಡುತ್ತಿರಲಿಲ್ಲ. "ನಿನ್ನ ಆ ಸಾರ್, ಕಣ್ಣಿದ್ದೂ ಕುರುಡ. ಅಷ್ಟು ಜನರಿಗೆ ಓದಿ ಹೇಳಿದವ ತನಗೆ ಓದ್ಲಿಕ್ಕೆ ಬರ್ಲಿಲ್ಲ." ನಾನು ತಲೆ ತಗ್ಗಿಸಿ ಉಣ್ಣುತ್ತಿದ್ದೆ. ನಾಯಕರ ಮನೆ ಅಲ್ಲಿಂದ ಎರಡು ಬೀದಿ ಆಚೆ. ಅಲ್ಲಿಗೂ ಹೋಗುತ್ತಿದ್ದೆ. "ಚೇಚಿ ಇನ್ನೂ ಬೈತಾರಾ?" ಎಂದು ಕೇಳುತ್ತಿದ್ದರು. ಬೈಯುತ್ತಾರೆ ಎಂದರೆ, "ಬೈಯಲಿ, ಬೈಯಲಿ. ಗಟ್ಟಿ ಇದ್ದಾರೆ ಅಂತ ಆಯ್ತಲ್ಲ," ಎಂದು ನಗುತ್ತಿದ್ದರು.

ಈ ವರ್ಷ ನಾಯಕರು ಹಾಸಿಗೆ ಹಿಡಿದರು. ಮಾತು ತೊದಲುತ್ತದೆ, ಜನರ ಗುರುತು ಮಾತ್ರ ಚೆನ್ನಾಗಿದೆ. ಕಳೆದ ತಿಂಗಳು ಹೋದಾಗ ಅಕ್ಕನಿಗೆ, "ಒಂದು ಸಲ ಬಂದು ನೋಡಿ," ಎಂದೆ.

"ನಾನು ಯಾಕೆ ಬರ್ಬೇಕು? ನನ್ನ ಮುದಿಕಾಲ ತಿಂದವ ಅವ."

ಯಾರಿಗೂ ಹೇಳಬೇಡ ಎಂದಿದ್ದ ನಾಯಕರ ಮಾತನ್ನು ಆಗ ಮುರಿದೆ. ಇನ್ನೂ ಸುಮ್ಮನಿದ್ದರೆ ನಾನು ಮನುಷ್ಯಳೇ ಅಲ್ಲ ಅನ್ನಿಸಿತು.

"ಅಕ್ಕಾ, ಬಿಟ್ಟದ್ದು ನಾನು. ಆ ಕಲಮನ್ನು ನಾನು ಮೊದಲೇ ಓದಿದ್ದೆ. ಅವರಿಗೆ ಹೇಳ್ಲಿಲ್ಲ."

ಅಕ್ಕ ಜಾಲರಿ ಸೌಟಿನಿಂದ ಪಳಂಪೊರಿ ಎತ್ತಿ ಎಣ್ಣೆ ಸೋಸಲು ಇಟ್ಟರು. ಒಲೆ ಸಣ್ಣ ಮಾಡಿದರು.

"ಗೊತ್ತುಂಟು," ಎಂದರು.

"ಅವರು ಹೇಳಿದ್ರಾ?"

"ಅವರು ಎಂತ ಹೇಳುದು? ಅವತ್ತು ಗೇಟಿನಲ್ಲಿ ನೀನು ಕಾಗದ ನೋಡ್ಲೇ ಇಲ್ಲ. ನನ್ನ ಮುಖ ನೋಡ್ತಾ ಅಷ್ಟುದ್ದ ಕಲಮನ್ನು ಒಂದು ಅಕ್ಷರ ತಪ್ಪದೆ ಹೇಳಿದಿ. ಹೊಸ ಮಲಯಾಳ ಕಂಡ್ರೆ ತಡವರಿಸುವವಳು ನೀನು. ಅಷ್ಟು ಬಾಯಿಪಾಠ ಆಗ್ಬೇಕಾದ್ರೆ ಎಷ್ಟು ಸಲ ಓದಿರ್ಬೇಕು?"

"ಮತ್ತೆ ಇಷ್ಟು ವರ್ಷ ಅವರನ್ನು ಬೈದದ್ದು?"

"ಸಹಿ ಅವರದ್ದೇ ಅಲ್ವಾ? ಬೈದದ್ದು ತಪ್ಪಲ್ಲ. ನಾಳೆ ಬರ್ತೇನೆ, ಅಲ್ಲಿಯೂ ಬೈತೇನೆ. ಜನರ ಬೈಗುಳ ತಿಂದೇ ದೊಡ್ಡವರಾದದ್ದು ಅವರು, ಅವರಿಗೆ ಎಂತದೂ ಆಗುದಿಲ್ಲ." ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡರು. "ನಿನ್ನನ್ನು ಬೈದಿದ್ರೆ ನೀನು ಮತ್ತೆ ಈ ಮನೆಯ ಮೆಟ್ಟಿಲು ಹತ್ತುತ್ತಿರ್ಲಿಲ್ಲ. ಕೆಲಸ ಅಂತೂ ಹೋಯ್ತು. ನಿನ್ನನ್ನೂ ಕಳ್ಕೊಳ್ಬೇಕಿತ್ತಾ ನಾನು?"

ನಾನು ಅಡುಗೆಮನೆಯ ನೆಲದ ಮೇಲೆ ಕುಳಿತು ಅತ್ತೆ. ಇಷ್ಟು ವರ್ಷ ಅಲ್ಲಿ ನಾನು ಉಂಡ ಒಂದೊಂದು ಊಟವನ್ನೂ ಅವರು ಗೊತ್ತಿದ್ದೇ ಬಡಿಸಿದ್ದರು.